ಬಚ್ಚಲುಮನೆಯ ಚಿಲಕ

ವಾದದಲ್ಲಿ ಗೆಲ್ಲುವುದು ಒಂದು ಕಾಯಿಲೆ. ನೆಗಡಿಯ ಹಾಗೆ ಅದು ಬಂದವನಿಗಿಂತ ಪಕ್ಕದಲ್ಲಿ ಕೂತವರಿಗೆ ಹೆಚ್ಚು ತೊಂದರೆ ಕೊಡುತ್ತದೆ. ನನಗೆ ಇದು ಅಂಟಿಕೊಂಡದ್ದು ಮೈಸೂರಿನಲ್ಲಿ ಬಿ.ಎ. ಓದುವಾಗ. ಚರ್ಚಾಸ್ಪರ್ಧೆಯಲ್ಲಿ ಪರವಾಗಿ ಮಾತಾಡು ಎಂದರೆ ಪರವಾಗಿ, ವಿರೋಧವಾಗಿ ಎಂದರೆ ವಿರೋಧವಾಗಿ ಮಾತಾಡಿ, ಪಾನನಿರೋಧ ಬೇಕೆಂದು ಬಹುಮಾನದ ಒಂದು ಬಟ್ಟಲನ್ನೂ ಬೇಡವೆಂದು ಇನ್ನೊಂದು ಬಟ್ಟಲನ್ನೂ ಒಂದೇ ತಿಂಗಳಲ್ಲಿ ಗೆದ್ದವನು ನಾನು. ಪದವಿ ಮುಗಿದು ಅರಸೀಕೆರೆಯ ಒಂದು ಕಛೇರಿಯಲ್ಲಿ ಗುಮಾಸ್ತನಾದ ಮೇಲೆ ಎದುರುವಾದಿಗಳು ಸಿಗದೆ ಕಷ್ಟವಾಯಿತು. ಫೈಲುಗಳು ಎದುರು ಮಾತಾಡುವುದಿಲ್ಲ. ಹಾಗಾಗಿ ಬಸ್ಸಿನ ಕಂಡಕ್ಟರು, ಪಂಚಾಂಗ ಹೇಳುವವರು, ಹೋಟೆಲಿನ ಮಾಣಿ, ಹೀಗೆ ಕೈಗೆ ಸಿಕ್ಕವರನ್ನೆಲ್ಲ ಎದುರಾಳಿ ಮಾಡಿಕೊಂಡು, ಸೋಲಿಸಿ, ಅವರು ತಲೆ ಕೆರೆದುಕೊಂಡು ಹೋಗುವುದನ್ನು ನೋಡಿ ಸಂತೋಷಪಡುತ್ತಿದ್ದೆ. ಆ ಸಂತೋಷ ಎಷ್ಟು ದುಬಾರಿ ಎಂದು ತಿಳಿದದ್ದು ಒಂದು ಚಿಲಕದಿಂದ.

ನಮ್ಮ ಮನೆ ಇರುವುದು ಹಳೇಬೀಡಿನಲ್ಲಿ. ಶನಿವಾರ ಮಧ್ಯಾಹ್ನ ಕಛೇರಿ ಬಿಟ್ಟೊಡನೆ ಬಸ್ಸು ಹತ್ತಿ, ಬಾಣಾವರ, ಜಾವಗಲ್ಲಿನ ಧೂಳನ್ನೆಲ್ಲ ಮೈಮೇಲೆ ಹೇರಿಕೊಂಡು ಊರಿಗೆ ಬಂದು, ಸೋಮವಾರ ಬೆಳಗಿನ ಬಸ್ಸಿಗೆ ಹಿಂತಿರುಗುವುದು ನನ್ನ ಕ್ರಮ. ಆನೆಯ ಕಾಲುಗುರನ್ನೂ ಬಿಡದೆ ಕಲ್ಲಿನಲ್ಲಿ ಕೆತ್ತಿಟ್ಟ ಊರು ನಮ್ಮದು ಎಂದು ಪ್ರವಾಸಿಗಳು ಬಾಯಿ ಬಿಡುತ್ತಾರೆ. ಅದೇ ಊರಿನ ಒಂದು ಬಚ್ಚಲಿನ ಬಾಗಿಲಾದರೂ ಸರಿಯಾಗಿ ಕೂರುವುದಿಲ್ಲ ಎಂಬುದನ್ನು ಅವರು ನೋಡದೆ ಹೋಗುತ್ತಾರೆ. ನಮ್ಮ ಬಚ್ಚಲುಮನೆ ಹಿತ್ತಿಲಿನಲ್ಲಿತ್ತು. ಗಿಡ್ಡ ಹೆಂಚಿನ ಮಾಡು, ಮೂಲೆಯಲ್ಲಿ ಹಂಡೆ, ಹಂಡೆಯ ಕೆಳಗೆ ತೆಂಗಿನ ಸಿಪ್ಪೆಯ ಉರಿ. ಬಾಗಿಲಿಗೆ ಒಳಗಿನಿಂದ ಚಿಲಕವೇ ಇರಲಿಲ್ಲ. ಬಾಗಿಲಿನ ನೆತ್ತಿಗೂ ಮೇಲಿನ ಚೌಕಟ್ಟಿಗೂ ನಡುವೆ ಎರಡು ಬೆರಳಿನ ಸಂದು. ಒಳಗೆ ಹೋದವರು ಆ ಸಂದಿನಲ್ಲಿ ತಮ್ಮ ಬಟ್ಟೆಯನ್ನು ಹೊರಗೆ ಕಾಣುವಂತೆ ಇಳಿಬಿಡಬೇಕು. ಅದೇ ಬೀಗ. ಸೀರೆಯ ಸೆರಗು ಕಂಡರೆ ಅಮ್ಮ, ಕೆಂಪಂಚಿನ ಪಂಚೆ ಕಂಡರೆ ಅಣ್ಣ. ನಮ್ಮ ತಂದೆಯನ್ನು ನಾವು ಅಣ್ಣ ಎಂದೇ ಕರೆಯುವುದು. ಅವರು ಊರಿನ ಮಿಡ್ಲ್ ಸ್ಕೂಲಿನಲ್ಲಿ ಹೆಡ್ ಮೇಷ್ಟ್ರಾಗಿ ನಿವೃತ್ತರಾದವರು. ಆ ಕೆಂಪಂಚು ಕಂಡರೆ ಹಿತ್ತಿಲಿನ ಕರು ಕೂಡ ಅತ್ತ ಹೋಗುತ್ತಿರಲಿಲ್ಲ.

ನಿವೃತ್ತರಾದ ಎರಡನೆಯ ವರ್ಷ ಅಣ್ಣನಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಯಿತು. ಬಲಗಾಲು ಎಳೆದುಕೊಂಡು ನಡೆಯುತ್ತಿದ್ದರು. ಮಾತು ನಿಧಾನವಾಯಿತು. ಅವರು ಒಂದು ವಾಕ್ಯ ಶುರುಮಾಡಿದರೆ ಅದನ್ನು ನಾನೇ ಮುಗಿಸಿ, ಅದಕ್ಕೆ ಉತ್ತರವನ್ನೂ ನಾನೇ ಕೊಟ್ಟುಬಿಡುತ್ತಿದ್ದೆ. ಇದನ್ನು ನಾನು ಸೇವೆ ಎಂದು ತಿಳಿದಿದ್ದೆ. ಎಡಗೈಯಿಂದ ಪಂಚೆಯನ್ನು ಬಾಗಿಲ ಮೇಲೆ ಎಸೆಯಲು ಅವರಿಗೆ ಆಗುತ್ತಿರಲಿಲ್ಲ. ಅದನ್ನು ಅಮ್ಮ ಹೊರಗಿನಿಂದ ಸಿಕ್ಕಿಸುತ್ತಿದ್ದಳು. ಒಂದು ದಿನ ಸಿಕ್ಕಿಸಿದ್ದು ಜಾರಿ ಬಿದ್ದಿತು. ಅದೇ ಹೊತ್ತಿಗೆ ಅಣ್ಣನ ಹಳೆಯ ಶಿಷ್ಯನೊಬ್ಬ, ಬೇಲೂರಿನಲ್ಲಿ ಕೆಲಸದಲ್ಲಿರುವವನು, ಮಗಳ ಮದುವೆಗೆ ಕರೆಯಲು ಬಂದವನು, ಕಾಲು ತೊಳೆಯೋಣವೆಂದು ಹಿತ್ತಿಲಿಗೆ ಹೋಗಿ ಬಾಗಿಲು ನೂಕಿಬಿಟ್ಟ. ಒಳಗೆ ಮಣೆಯ ಮೇಲೆ ಅಣ್ಣ, ಮೈಮೇಲೆ ನೀರು ಬಿಟ್ಟರೆ ಬೇರೇನೂ ಇಲ್ಲದೆ ಕೂತಿದ್ದಾರೆ. ಶಿಷ್ಯನಿಗೆ ಏನು ಮಾಡಬೇಕೋ ತೋಚಲಿಲ್ಲ. ಮೂವತ್ತು ವರ್ಷದ ಅಭ್ಯಾಸ. ಕೈ ಮುಗಿದು, "ನಮಸ್ಕಾರ ಸಾರ್" ಎಂದನಂತೆ. ಅಣ್ಣ ಅಷ್ಟೇ ಅಭ್ಯಾಸದಿಂದ ಎಡಗೈ ಎತ್ತಿ ಆಶೀರ್ವಾದ ಮಾಡಿದರಂತೆ. ಇದನ್ನು ಅಮ್ಮ ನನಗೆ ಹೇಳುವಾಗ ನಗು ಬಂತು. ಅವಳ ಮುಖ ನೋಡಿ ನಗುವನ್ನು ನುಂಗಿಕೊಂಡೆ.

ಅವತ್ತಿನಿಂದ ಅಣ್ಣ ಸ್ನಾನ ನಿಲ್ಲಿಸಿದರು. ಚಳಿಗಾಲದಲ್ಲೂ ಕೋಳಿ ಕೂಗುವ ಮೊದಲು ನೀರು ಹುಯ್ದುಕೊಳ್ಳುತ್ತಿದ್ದವರು, ಅಮ್ಮ ಕರೆದಾಗಲೆಲ್ಲ "ಇವತ್ತು ಬೇಡ" ಎನ್ನತೊಡಗಿದರು. ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತೇನೆಂದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಸ್ನಾನವಿಲ್ಲ ಎಂದಮೇಲೆ ಸಂಧ್ಯಾವಂದನೆಯೂ ಇಲ್ಲ, ಊಟದಲ್ಲಿ ರುಚಿಯೂ ಇಲ್ಲ. "ಅವರು ಮೊದಲಿನ ಹಾಗೆ ಒಬ್ಬರೇ ಹೋಗಿ, ಬಾಗಿಲು ಹಾಕ್ಕೊಂಡು ಸ್ನಾನ ಮಾಡೋ ಹಾಗೆ ಏನಾದ್ರೂ ಮಾಡೋ ಸೀನೂ. ಇಲ್ದಿದ್ರೆ ಈ ಮನುಷ್ಯ ಹೀಗೇ ಬತ್ತಿಹೋಗ್ತಾರೆ" ಎಂದಳು ಅಮ್ಮ. ಒಂದು ಚಿಲಕ. ಇಡೀ ಮನೆಯ ಉಸಿರು ಅಷ್ಟರಲ್ಲಿ ಸಿಕ್ಕಿಕೊಂಡಿತ್ತು.

ನಮ್ಮ ಕಡೆ ಇಂಥ ಕೆಲಸಕ್ಕೆ ಆಚಾರಿಯನ್ನು ಕರೆಯುವುದು ವಾಡಿಕೆ. ನಮ್ಮ ಮನೆಯ ಮರದ ಕೆಲಸ ಪುಟ್ಟಾಚಾರಿಯದು. ಆ ಬಾಗಿಲನ್ನು ಮಾಡಿದವನೂ ಅವನ ಅಪ್ಪನೇ. ಹೋಟೆಲಿನ ಮುಂದೆ ಸಿಕ್ಕಾಗ ವಿಷಯ ಹೇಳಿದೆ. ಪುಟ್ಟಾಚಾರಿ ಬೀಡಿ ಆರಿಸಿ, "ಆಗಲಿ ಸ್ವಾಮಿ. ಅಮಾಸೆ ಕಳೀಲಿ, ಬತ್ತೀನಿ. ಮೇಷ್ಟ್ರ ಕೈ ಒಂದ್ಸಲ ನೋಡ್ಬೇಕು" ಎಂದ.

ನನಗೆ ಇಷ್ಟು ಸಾಕಾಯಿತು. "ಚಿಲಕ ಹಾಕೋದು ಬಾಗಿಲಿಗೋ, ಕೈಗೋ?" ಎಂದೆ.

"ಬಾಗಿಲಿಗೇಯ. ಆದ್ರೆ ಎಳೆಯೋದು ಕೈ ಅಲ್ವಾ?"

"ಹಾಗಾದರೆ ಊರಿನ ಬಾಗಿಲುಗಳಿಗೆಲ್ಲ ಚಿಲಕ ಹಾಕುವಾಗ ಊರಿನವರ ಕೈಯೆಲ್ಲ ನೋಡಿದ್ದೀಯಾ? ಇನ್ನು ಆ ಅಮಾವಾಸ್ಯೆ. ಚಂದ್ರ ಇಲ್ಲದಿದ್ದರೆ ನಿನ್ನ ಉಳಿಗೆ ಕಣ್ಣು ಕಾಣಲ್ವೋ?"

ಹೋಟೆಲಿನಲ್ಲಿ ಕೂತವರೆಲ್ಲ ನಕ್ಕರು. ಪುಟ್ಟಾಚಾರಿ ನಗಲಿಲ್ಲ. "ನೀವು ಓದಿದೋರು. ಮಾತಲ್ಲಿ ನಿಮ್ಮನ್ನ ಹಿಡಿಯಾಕೆ ಆಯ್ತದಾ" ಎಂದು ಹೆಗಲ ಮೇಲಿನ ಚೀಲ ಸರಿಮಾಡಿಕೊಂಡು ಹೊರಟುಹೋದ. ಗೆದ್ದಿದ್ದೆ. ಕಾಫಿ ಎಂದಿಗಿಂತ ಸಿಹಿಯಾಗಿತ್ತು.

ಆ ಕಾಲಕ್ಕೆ ಅರಸೀಕೆರೆಯಲ್ಲಿ ನನ್ನಂಥವರಿಗೆ ಬೇರೊಂದು ಪುಣ್ಯಕ್ಷೇತ್ರ ತೆರೆದಿತ್ತು. ಸ್ಟೇಷನ್ ರಸ್ತೆಯ ರುದ್ರಪ್ಪನವರ ಅಂಗಡಿ. ಅವರ ತಂದೆಯ ಕಾಲದಲ್ಲಿ ಅದು ಕೊಬ್ಬರಿ ಮಂಡಿ. ಕೊಬ್ಬರಿ ತಂದ ಗಾಡಿಯವರಿಗೆ ಬೇಕಾಗುತ್ತದೆಂದು ಒಂದು ಮೂಲೆಯಲ್ಲಿ ಹಗ್ಗ, ಕೀಲೆಣ್ಣೆ, ಚಕ್ರದ ಪಟ್ಟಿ ಇಟ್ಟರು. ಹಗ್ಗದ ಪಕ್ಕಕ್ಕೆ ಮೊಳೆಯ ಮೂಟೆ ಬಂತು. ಮೊಳೆಯ ಹಿಂದೆ ಸುತ್ತಿಗೆ, ಬಾಂಡ್ಲಿ, ಸಲಿಕೆ. ಹೀಗೆ ಕಬ್ಬಿಣ ಒಂದೊಂದೇ ಹೆಜ್ಜೆ ಮುಂದಿಟ್ಟು, ಕೊಬ್ಬರಿಯನ್ನು ಹಿತ್ತಿಲಿಗೆ ಅಟ್ಟಿ, ರುದ್ರಪ್ಪನವರ ಕಾಲಕ್ಕೆ ಗದ್ದುಗೆ ಏರಿತು. ಸಿಮೆಂಟಿಗೆ ಸರ್ಕಾರದ ಪರ್ಮಿಟ್ಟು ಬೇಕಾಗಿದ್ದರೂ, ಸಿಮೆಂಟು ಬಂದರೆ ಇಲ್ಲಿಗೇ ಬರಬೇಕೆಂದು ಜನ ಬಂದು ವಿಚಾರಿಸಿ ಹೋಗುತ್ತಿದ್ದರು. ಬಣ್ಣದ ಡಬ್ಬಗಳು ಬಂದವು. ಆಮೇಲೆ ರುದ್ರಪ್ಪನವರು ಬೆಂಗಳೂರಿನಲ್ಲಿ ನೋಡಿಬಂದು, ಒಂದು ಹಲಗೆಗೆ ಹಸಿರು ಬಣ್ಣ ಬಳಿದು, ಅದರ ಮೇಲೆ ಕೀಲು, ಚಿಲಕ, ಕೊಂಡಿ, ಹಿಡಿಗಳನ್ನೆಲ್ಲ ಸಾಲಾಗಿ ಜಡಿದು ಗೋಡೆಗೆ ಒರಗಿಸಿದರು. ಬಾಗಿಲೇ ಇಲ್ಲದ ಚಿಲಕಗಳು. ಸಂತೆಗೆ ಬಂದವರು ಅವನ್ನು ಎಳೆದು, ನೂಕಿ, ಮತ್ತೆ ಎಳೆದು, ಏನನ್ನೂ ಕೊಳ್ಳದೆ ಸಂತೋಷವಾಗಿ ಮನೆಗೆ ಹೋಗುತ್ತಿದ್ದರು. ಹೊರಗೆ ‘ಹಾರ್ಡ್‌ವೇರ್’ ಎಂಬ ಬೋರ್ಡು ಬಂದರೂ ಎಲ್ಲರಿಗೂ ಅದು ಕಬ್ಬಿಣದಂಗಡಿಯೇ.

ನಾನು ಹೋದ ದಿನ ಅಂಗಡಿಯಲ್ಲಿ ಜನವಿತ್ತು. ಯಾರ ಕೈಯಲ್ಲೂ ಅಳತೆಯ ಪಟ್ಟಿಯಿಲ್ಲ. ಒಬ್ಬ ತೆಂಗಿನ ಗರಿಯ ಕಡ್ಡಿಯನ್ನು ಅಳತೆಗೆ ಮುರಿದು ತಂದಿದ್ದ. ಇನ್ನೊಬ್ಬ ದಾರಕ್ಕೆ ಮೂರು ಗಂಟು ಹಾಕಿ ತಂದು, ಯಾವ ಗಂಟು ಯಾವುದರ ಅಳತೆ ಎಂದು ಮರೆತು ಕಂಬಕ್ಕೆ ಒರಗಿ ಯೋಚಿಸುತ್ತಿದ್ದ. ಬಾಣಾವರದ ಕಡೆಯ ರೈತನೊಬ್ಬ ಈ ಗೊಂದಲವೇ ಬೇಡವೆಂದು ಬಾಗಿಲನ್ನೇ ಕಿತ್ತು ರೈಲಿನಲ್ಲಿ ಹೊತ್ತು ತಂದಿದ್ದ. "ಮನೆಗೆ ಈಗ ಬಾಗಿಲೇ ಇಲ್ಲವಲ್ಲಯ್ಯಾ?" ಎಂದು ರುದ್ರಪ್ಪನವರು ಕೇಳಿದರೆ, "ನನ್ನೆಂಡ್ರು ಕುಂತವ್ಳೆ ಬಿಡಿ ಸ್ವಾಮಿ. ಬಾಗಿಲಿಗಿಂತ ಗಟ್ಟಿ" ಎಂದ. ಅಂಗಡಿಯೆಲ್ಲ ನಕ್ಕಿತು. ದಶಮಾನ ಪದ್ಧತಿ ಬಂದಿರುವ ದೇಶದಲ್ಲಿ ಗರಿಕಡ್ಡಿ ಹಿಡಿದು ಬರುವ ಈ ಜನ ಉದ್ಧಾರವಾಗುವುದು ಯಾವಾಗ ಎಂದು ಮರುಗುತ್ತ, ಸೆಂಟಿಮೀಟರಿನಲ್ಲಿ ಬರೆದುಕೊಂಡು ಬಂದ ಚೀಟಿಯನ್ನು ನಾನು ಮುಂದಿಟ್ಟೆ.

ರುದ್ರಪ್ಪನವರು ಚೀಟಿಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಎಲ್ಲಿಗೆ ಹಾಕೋದು?"

"ಬಚ್ಚಲಿಗೆ."

"ಯಾರು ಹಾಕ್ಕೊಳ್ಳೋರು?"

"ಮನುಷ್ಯರು."

"ಹಂಗಲ್ಲ ಕಣ್ರೀ. ಮನೇಲಿ ವಯಸ್ಸಾದೋರು, ಕೈಲಾಗದೋರು ಯಾರಾದ್ರೂ ಇದಾರಾ ಅಂತ ಕೇಳ್ದೆ. ಒಂದೊಂದು ಚಿಲಕ ಬಿಗಿ ಇರ್ತದೆ."

ಈಗ ‘ನಮ್ಮ ತಂದೆಗೆ ಒಂದು ಕೈ ಇಲ್ಲ’ ಎಂದು ಹೇಳಿಬಿಟ್ಟಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಅಷ್ಟು ಜನರ ಮುಂದೆ, ಗರಿಕಡ್ಡಿಯವರ ಮುಂದೆ, ನಾಲಿಗೆ ಏಳಲಿಲ್ಲ. ಅದರ ಬದಲು ಗಿರಾಕಿಯ ಮನೆಯ ಗುಟ್ಟು ಕೇಳುವ ಹಕ್ಕು ವರ್ತಕನಿಗೆ ಇದೆಯೇ, ಇಲ್ಲವೇ ಎಂಬ ವಿಷಯವಾಗಿ ಐದು ನಿಮಿಷ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ದಾರದ ಗಂಟಿನವನು ಯೋಚನೆ ಬಿಟ್ಟು ನನ್ನನ್ನೇ ನೋಡಿದ. ರುದ್ರಪ್ಪನವರು ಒಂದು ಉದ್ದನೆಯ ಕಬ್ಬಿಣದ ಚಿಲಕ, ಸ್ಕ್ರೂಗಳು, ಒಂದು ಸ್ಕ್ರೂಡ್ರೈವರು, ಇವನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟರು.

ಭಾನುವಾರ ಇಡೀ ದಿನ ನಾನೇ ಕೂತು ಚಿಲಕ ಜಡಿದೆ. ಹೊಸ ಮನೆಗಳಲ್ಲಿ ನೋಡಿದ್ದಂತೆ ಎದೆಯ ಎತ್ತರಕ್ಕೆ ಹಾಕಿದೆ. ಕೆಲಸ ಮುಗಿದ ಮೇಲೆ ಸುಧಾರಣೆಯ ಹುರುಪು ಇನ್ನೂ ಉಳಿದಿತ್ತು. ಬಾಗಿಲ ಮೇಲಿನ ಆ ಎರಡು ಬೆರಳಿನ ಸಂದು ಕಣ್ಣಿಗೆ ಬಿತ್ತು. ಪುಟ್ಟಾಚಾರಿಯ ಅಪ್ಪನ ಅಳತೆ ತಪ್ಪಿದ ಕೆಲಸ, ಚಳಿಗಾಳಿ ಬರುವ ದಾರಿ ಎಂದುಕೊಂಡು, ಒಳಗಡೆಯಿಂದ ಒಂದು ಮರದ ಪಟ್ಟಿಯನ್ನು ಆರು ಮೊಳೆ ಹೊಡೆದು ಕೂರಿಸಿ ಸಂದನ್ನು ಮುಚ್ಚಿಬಿಟ್ಟೆ. ಅಣ್ಣ ಬಂದು ನೋಡಿದರು. ಎಡಗೈಯಲ್ಲಿ ಚಿಲಕ ನೂಕಿದರು, ಎಳೆದರು. ಒಣಗಿದ ಬಾಗಿಲು, ಹೊಸ ಎಣ್ಣೆ. ಬೆಣ್ಣೆಯ ಹಾಗೆ ಜಾರಿತು. "ನಾಳೆ... ಬೆಳಿಗ್ಗೆ... ಸ್ನಾನ" ಎಂದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ರಾತ್ರಿಯ ಊಟಕ್ಕೆ ಹಪ್ಪಳ ಕರಿದಳು.

ಸೋಮವಾರ ಬೆಳಿಗ್ಗೆ ಅಣ್ಣ ಒಬ್ಬರೇ ಹೋಗಿ ಚಿಲಕ ಹಾಕಿಕೊಂಡರು. ಟಕ್ ಎಂದ ಆ ಸದ್ದನ್ನು ಅಮ್ಮನೂ ನಾನೂ ಅಡಿಗೆಮನೆಯಲ್ಲಿ ನಿಂತು ಕೇಳಿದೆವು. ನೀರು ಹುಯ್ದುಕೊಳ್ಳುವ ಸದ್ದು ಬಹಳ ಹೊತ್ತು ಬಂತು. ಆಮೇಲೆ ನಿಂತಿತು. ಬಸ್ಸಿಗೆ ಹೊತ್ತಾಯಿತೆಂದು ನಾನು ಚೀಲ ಕಟ್ಟಿಕೊಂಡೆ. ಅಣ್ಣ ಹೊರಗೆ ಬರಲಿಲ್ಲ. ಅಮ್ಮ ಹೋಗಿ, "ಏನೂಂದ್ರೆ?" ಎಂದಳು. "ಏನೂ ಇಲ್ಲ" ಎಂದರು. ಇನ್ನಷ್ಟು ಹೊತ್ತಾಯಿತು. ಮತ್ತೆ ಕೇಳಿದರೆ ಮತ್ತೆ "ಏನೂ ಇಲ್ಲ". ಮೂರನೆಯ ಸಲ ಕೆಮ್ಮು ಕೇಳಿಸಿತು. ಸಂದು ಮುಚ್ಚಿದ್ದರಿಂದ ಒಲೆಯ ಹೊಗೆ ಹೊರಗೆ ಹೋಗದೆ ಒಳಗೇ ಸುತ್ತುತ್ತಿತ್ತು.

ನಾನು ಓಡಿದೆ. ಹಂಡೆಯ ಹಬೆಗೆ ಬಾಗಿಲು ಉಬ್ಬಿ ಚಿಲಕ ಕಚ್ಚಿಕೊಂಡಿತ್ತು. "ಅಣ್ಣ, ಬಾಗಿಲನ್ನ ಒಂದು ಕೈಲಿ ಚೌಕಟ್ಟಿಗೆ ಒತ್ತಿ ಹಿಡೀರಿ. ಇನ್ನೊಂದು ಕೈಲಿ ಚಿಲಕ ಎಳೀರಿ. ಬಹಳ ಸುಲಭ. ತತ್ತ್ವ ಏನು ಅಂದ್ರೆ..."

ಒಳಗಿನಿಂದ ನಿಧಾನವಾಗಿ, ಒಂದೊಂದೇ ಮಾತು ಬಂತು. "ನನಗೆ... ಇರೋದು... ಒಂದೇ ಕೈ ಕಣೋ."

ಒಂದು ವರ್ಷದಿಂದ ಆ ಮಾತನ್ನು ಮನೆಯಲ್ಲಿ ಯಾರೂ ಆಡಿರಲಿಲ್ಲ. ಈ ಒಂದು ವಾಕ್ಯವನ್ನು ಮಾತ್ರ ನಾನು ಅವರಿಗಿಂತ ಮೊದಲು ಮುಗಿಸಲಿಲ್ಲ. ಭುಜ ಕೊಟ್ಟು ಹೊರಗಿನಿಂದ ನೂಕಿದೆ. ನೂಕಿದಷ್ಟೂ ಚಿಲಕ ಇನ್ನೂ ಬಿಗಿಯುತ್ತಿತ್ತು ಎಂಬುದು ಆಮೇಲೆ ತಿಳಿಯಿತು. ಬಾಗಿಲು ಒಡೆಯೋಣವೆಂದರೆ ಅಣ್ಣ ಅದರ ಹಿಂದೆಯೇ ಕೂತಿದ್ದಾರೆ. ಹೆಂಚು ತೆಗೆದು ಇಳಿಯುತ್ತೇನೆ ಎಂದು ಕೂಗಿದೆ. "ನೀನು ಬೇಡ" ಎಂದರು ಅಣ್ಣ. ಸ್ವಲ್ಪ ಹೊತ್ತು ಕೆಮ್ಮಿ, "ಆಚಾರೀನ... ಕರಿ" ಎಂದರು.

ಪುಟ್ಟಾಚಾರಿಯ ಮನೆ ಬೀದಿಯ ಕೊನೆಗೆ. ಅಷ್ಟು ದೂರ ಓಡುವಾಗ, ಅವನು ಬರುವುದಿಲ್ಲ ಎಂದರೆ ಯಾವ ವಾದ ಹೂಡಬೇಕೆಂದು ಯೋಚಿಸುತ್ತಿದ್ದೆ. ಒಂದೂ ಹೊಳೆಯಲಿಲ್ಲ, ಬೇಕಾಗಲೂ ಇಲ್ಲ. "ಮೇಷ್ಟ್ರು ಒಳಗೆ ಸಿಕ್ಕಿಕೊಂಡಿದಾರೆ" ಎಂದೆ. ಅವನು ತಿನ್ನುತ್ತಿದ್ದ ರೊಟ್ಟಿ ಬಿಟ್ಟು ಎದ್ದ. ಬಂದವನೇ ಹಾರೆ ಹಿಡಿದು ಬಾಗಿಲ ಬುಡಕ್ಕೆ ಕೊಟ್ಟು ಮೇಲಕ್ಕೆ ಎತ್ತಿದ. ಬಾಗಿಲು ಅಲುಗಲಿಲ್ಲ. ತಲೆ ಎತ್ತಿ ನೋಡಿದ.

"ಇದ್ಯಾರು ಮೇಲೆ ಪಟ್ಟಿ ಹೊಡೆದೋರು?"

"ನಾನೇ."

"ಸಂದಿದ್ದಿದ್ರೆ ಬಾಗಿಲ ಕೀಲಿಂದ ಎತ್ತಿ ಪಕ್ಕಕ್ಕೆ ಇಟ್ಬುಡ್ತಿದ್ದೆ. ನಮ್ಮಪ್ಪ ಅದನ್ನ ಬಿಟ್ಟಿದ್ದೇ ಅದಕ್ಕೆ."

"ಮೊದಲೇ ಹೇಳಬಾರದಾಗಿತ್ತಾ?"

"ನೀವು ಕೇಳ್ತಿದ್ರಾ?" ಎಂದು ಅವನು ಮಾಡು ಹತ್ತಿದ.

ಹೆಂಚು ತೆಗೆದೊಡನೆ ಹೊಗೆ ಭುಸ್ಸೆಂದು ಮೇಲೆ ಬಂತು. ಅರವತ್ತು ದಾಟಿದ ಮನುಷ್ಯ, ಹೆಗಲ ಮೇಲೆ ಅಮ್ಮ ಕೊಟ್ಟ ಒಣ ಪಂಚೆ ಹಾಕಿಕೊಂಡು, ಕಾಲು ಇಳಿಬಿಟ್ಟು, "ಮೇಷ್ಟ್ರೇ, ಕಣ್ಣು ಮುಚ್ಕೊಂಡೇ ಇಳೀತಾ ಇವ್ನಿ. ಹಂಡೆ ಎಲ್ಲೈತೆ ಹೇಳಿ" ಎಂದ. ಒಳಗಿನಿಂದ ಅಣ್ಣನ ದನಿ ಕೇಳಿಸಿತು. "ಎಡಕ್ಕೆ... ಇನ್ನೂ ಎಡಕ್ಕೆ... ಈಗ ಇಳಿ." ಹುಡುಗರಿಗೆ ಭೂಪಟದ ಮೇಲೆ ನದಿ ತೋರಿಸುವಾಗಿನ ದನಿ. ಆಮೇಲೆ ಸ್ವಲ್ಪ ಹೊತ್ತು ಬಟ್ಟೆಯ ಸದ್ದು. ಚಿಲಕ ಕಿರ್ರೆಂದಿತು. ಬಾಗಿಲು ತೆರೆದಾಗ ಅಣ್ಣ ಪಂಚೆ ಉಟ್ಟುಕೊಂಡು ಮಣೆಯ ಮೇಲೆ ಕೂತಿದ್ದರು. ಕಣ್ಣು ಕೆಂಪಾಗಿತ್ತು. ಪುಟ್ಟಾಚಾರಿ ಇನ್ನೂ ಕಣ್ಣು ಮುಚ್ಚಿಕೊಂಡೇ ಗೋಡೆಯ ಕಡೆಗೆ ಮುಖ ಮಾಡಿ ನಿಂತಿದ್ದ. ನನ್ನ ಬಸ್ಸು ಅಷ್ಟರಲ್ಲಿ ಜಾವಗಲ್ ದಾಟಿರಬೇಕು.

ಮಾರನೆಯ ದಿನವೇ ಅಮಾವಾಸ್ಯೆ. ಆದರೂ ಪುಟ್ಟಾಚಾರಿ ಬಂದ. ಚಂದ್ರನ ವಿಷಯ ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಅಣ್ಣನನ್ನು ಬಚ್ಚಲಿನ ಮಣೆಯ ಮೇಲೆ ಕೂರಿಸಿ, "ಕೈ ಚಾಚಿ ಮೇಷ್ಟ್ರೇ. ಕಷ್ಟಪಟ್ಟು ಬ್ಯಾಡ, ಸುಮ್ನೆ" ಎಂದ. ಎಡಗೈ ಎಲ್ಲಿಯವರೆಗೆ ಸುಮ್ಮನೆ ಹೋಯಿತೋ ಅಲ್ಲಿಗೆ ಒಂದು ಗರಿಕಡ್ಡಿ ಹಿಡಿದು ಮುರಿದುಕೊಂಡ. ಹಲಸಿನ ಮರದಲ್ಲಿ ಒಂದು ಗೇಣುದ್ದದ ಅಗುಳಿ ಮಾಡಿ, ಮಂಡಿಯ ಎತ್ತರದಲ್ಲಿ, ಬಾಗಿಲಿನ ಎಡಕ್ಕೆ ಒಂದು ಮರದ ಗೂಟಕ್ಕೆ ಸಿಕ್ಕಿಸಿದ. ಬಿಟ್ಟರೆ ತನ್ನ ಭಾರಕ್ಕೇ ಬಿದ್ದು ಬಾಗಿಲು ಹಿಡಿಯುತ್ತದೆ. ಒಂದು ಬೆರಳಲ್ಲಿ ಎತ್ತಿದರೆ ಬಿಡುತ್ತದೆ. ಬಾಗಿಲು ಎಷ್ಟು ಉಬ್ಬಿದರೂ ಅದಕ್ಕೆ ಲೆಕ್ಕವಿಲ್ಲ. ನಾನು ಹೊಡೆದ ಪಟ್ಟಿಯನ್ನು ಕಿತ್ತು ಒಲೆಗೆ ಹಾಕಿದ. ಅಣ್ಣ ಸ್ನಾನಕ್ಕೆ ಹೋದರು. ತಡವಾಯಿತೆಂದು ಅಮ್ಮ ಬಾಗಿಲ ಹತ್ತಿರ ಹೋದರೆ, "ಇದ್ದೀನಿ. ನೀನು ಹೋಗು" ಎಂದರು. ಆ ಗದರಿಕೆಯನ್ನು ಅಮ್ಮ ಬಂದವರಿಗೆಲ್ಲ ಹೇಳಿಕೊಂಡು ಖುಷಿಪಟ್ಟಳು.

ಈ ಸುದ್ದಿ ನನಗಿಂತ ಮೊದಲು ಬಸ್ಸು ಹತ್ತಿ ಅರಸೀಕೆರೆ ತಲುಪಿತ್ತು. ರುದ್ರಪ್ಪನವರು ನನ್ನ ಭಾಷಣದ ವಿಷಯ ಎತ್ತಲಿಲ್ಲ, ಅದು ಅವರ ದೊಡ್ಡತನ. ಬದಲಿಗೆ ವ್ಯಾಪಾರ ಎತ್ತಿದರು. ಪುಟ್ಟಾಚಾರಿಯನ್ನು ಕರೆಸಿ, ಅಂಥ ಅಗುಳಿ ಎರಡು ಡಜನ್ ಮಾಡಿಕೊಡು, ಹಲಗೆಯ ಮೇಲೆ ಇಡ್ತೀನಿ ಎಂದರು. ಅವನು, "ಎರಡು ಡಜನ್ನಾ? ಯಾರ್ಯಾರ ಕೈಗೆ ಸ್ವಾಮಿ?" ಎಂದ. ರುದ್ರಪ್ಪನವರು ನನ್ನ ಕಡೆ ತಿರುಗಿ, "ನೀವು ಮಾತು ಬಲ್ಲೋರು. ಸ್ವಲ್ಪ ಒಪ್ಪಿಸಿ ನೋಡೋಣ" ಎಂದರು. ನಾನು ಹಲಗೆಯ ಮೇಲಿನ ಒಂದು ಚಿಲಕ ಎಳೆದೆ, ನೂಕಿದೆ. ಕಛೇರಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ. ಅಂಗಡಿ ಆಮೇಲೆ ಬೆಳೆಯಿತು. ಗಾಜಿನ ಬೀರು, ಮೇಲೊಂದು ಅಂತಸ್ತು, ಪಟ್ಟಿ ಹಿಡಿದು ಅಳೆಯುವ ಗುಮಾಸ್ತ ಎಲ್ಲ ಬಂದವು. ಊರಿನಲ್ಲಿ ಪುಟ್ಟಾಚಾರಿಯನ್ನು ಕರೆಯುವವರು ಕಡಿಮೆಯಾದರು. ಕರೆದವರೂ ಅಂಗಡಿಯ ಚಿಲಕವನ್ನೇ ಹಾಕು ಎನ್ನುತ್ತಿದ್ದರು. ಸಂತೆಯ ದಿನ ಅವನು ಆ ಅಂಗಡಿಯಲ್ಲಿ, ಗರಿಕಡ್ಡಿಯವರ ಮಧ್ಯೆ, ತಾನೂ ಒಂದು ಕಡ್ಡಿ ಹಿಡಿದು ತನ್ನ ಸರದಿಗೆ ಕಾದು ನಿಂತಿದ್ದನ್ನು ನಾನು ಎರಡು ಮೂರು ಸಲ ಕಂಡಿದ್ದೇನೆ.

ಅಣ್ಣ ಆ ಅಗುಳಿಯನ್ನು ಒಂದು ವರ್ಷದ ಮೇಲೆ ಒಂದು ತಿಂಗಳು ಉಪಯೋಗಿಸಿದರು. ಕೊನೆಯ ದಿನದ ಬೆಳಿಗ್ಗೆಯೂ ಒಬ್ಬರೇ ಹೋಗಿ, ಬಾಗಿಲು ಹಾಕಿಕೊಂಡು ಸ್ನಾನ ಮಾಡಿದ್ದರು. ಅಮ್ಮ ಈಗಲೂ ಮೊದಲು ಹೇಳುವುದು ಅದನ್ನೇ.

ಅವರು ಹೋದಮೇಲೆ ಅಗುಳಿ ಉಳಿಯಿತು. ಎರಡು ಕೈಯೂ ನೆಟ್ಟಗಿರುವ ನಾವೆಲ್ಲ ಬಚ್ಚಲಿಗೆ ಹೋಗಿ, ಸೊಂಟ ಬಗ್ಗಿಸಿ, ಎಡಗೈಯಲ್ಲಿ ತಡಕಿ ಬಾಗಿಲು ಹಾಕಿಕೊಳ್ಳಬೇಕು. ಬಂದ ನೆಂಟರು ಮೇಲೆಲ್ಲ ಹುಡುಕಿ, ಚಿಲಕವೇ ಇಲ್ಲವೆಂದು ಹೆದರಿ, ಒಳಗಿನಿಂದ ಹಾಡು ಹೇಳುತ್ತ ಸ್ನಾನ ಮಾಡುತ್ತಾರೆ. ವರ್ಷಾಂತಿಕವಾದ ಮೇಲೆ ಒಂದು ಭಾನುವಾರ ಅಮ್ಮನ ಮುಂದೆ ಕೂತು, ಅದನ್ನು ತೆಗೆದು ಎಲ್ಲರ ಅನುಕೂಲದ ಎತ್ತರಕ್ಕೆ ಒಂದು ಚಿಲಕ ಏಕೆ ಹಾಕಬೇಕೆಂಬುದನ್ನು ಕ್ರಮವಾಗಿ ವಿವರಿಸಿದೆ. ಅಮ್ಮ ಅಕ್ಕಿ ಆರಿಸುತ್ತ ಪೂರ್ತಿ ಕೇಳಿದಳು. "ನೀನು ಹೇಳೋದು ಸರಿ. ತೆಗಿ" ಎಂದಳು. ಅಷ್ಟು ಸುಲಭವಾಗಿ ನಾನು ಎಂದೂ ಗೆದ್ದಿರಲಿಲ್ಲ. ಸ್ಕ್ರೂಡ್ರೈವರು ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ನೋಡುತ್ತೇನೆ, ಪುಟ್ಟಾಚಾರಿಯ ಕೆಲಸದಲ್ಲಿ ಬಿಚ್ಚುವುದಕ್ಕೆ ಒಂದು ಸ್ಕ್ರೂ ಕೂಡ ಇರಲಿಲ್ಲ. ಮಣೆಯ ಮೇಲೆ ಕೂತೆ. ಕೂತು ಎಡಗೈಯನ್ನು ಸುಮ್ಮನೆ ಚಾಚಿದರೆ ಅದು ನೆಟ್ಟಗೆ ಅಗುಳಿಯ ಮೇಲೆಯೇ ಹೋಗಿ ನಿಂತಿತು. ಹಂಡೆಯಲ್ಲಿ ನೀರಿತ್ತು, ಸ್ನಾನ ಮಾಡಿಕೊಂಡು ಹೊರಗೆ ಬಂದೆ.

"ತೆಗೆದೆಯೇನೋ?" ಎಂದಳು ಅಮ್ಮ, ಮೊರದಿಂದ ತಲೆ ಎತ್ತದೆ.

"ಬರೋ ಭಾನುವಾರ ತೆಗೀತೀನಿ" ಎಂದೆ. ಹಾಗೆಂದು ಎರಡು ವರ್ಷವಾಯಿತು. ವಾರಕ್ಕೊಂದು ಭಾನುವಾರ ತಪ್ಪದೆ ಬರುತ್ತಿದೆ.